ಒಪ್ಪಿಸಿ ಹೋದ ನಾಯಿ: ವೀರನ ಜೊತೆ ಹದಿನಾಲ್ಕು ವಾರ

2024ರ ಜುಲೈ ತಿಂಗಳ ಎರಡನೆಯ ಭಾನುವಾರ ಬೆಳಗ್ಗೆ, ಜಿಟಿಜಿಟಿ ಮಳೆ ಹಿಡಿದಿದ್ದ ಹೊತ್ತಿನಲ್ಲಿ, ಬಿಳಿಯ ಕಾರೊಂದು ನಮ್ಮ ಆಶ್ರಯಧಾಮದ ಗೇಟಿನ ಮುಂದೆ ಬಂದು ನಿಂತಿತು. ಬೆಂಗಳೂರಿನ ಹೊರವಲಯದಲ್ಲಿರುವ ಈ ಪ್ರಾಣಿಗಳ ಆಶ್ರಯಧಾಮಕ್ಕೆ ನಾನು ಆರು ವರ್ಷಗಳಿಂದ ಸ್ವಯಂಸೇವಕಿಯಾಗಿ ಹೋಗುತ್ತಿದ್ದೇನೆ; ಹೊಸದಾಗಿ ಬರುವ ನಾಯಿಗಳ ದಾಖಲೆ ಬರೆಯುವುದು, ಅವುಗಳ ಊಟ, ಮಲಮೂತ್ರ, ನಡವಳಿಕೆಗಳನ್ನು ದಿನವೂ ಗುರುತು ಹಾಕಿಕೊಳ್ಳುವುದು ನನ್ನ ಪಾಲಿನ ಕೆಲಸ. ಕಾರಿನ ಹಿಂಬದಿಯ ಬಾಗಿಲು ತೆರೆದಾಗ ಒಳಗೆ ನಿಂತಿದ್ದದ್ದು ಮೂರೂವರೆ ವರ್ಷದ ಗಂಡು ಮುಧೋಳ ನಾಯಿ. ಎತ್ತರದ ಕಾಲು, ಒಳಕ್ಕೆ ಎಳೆದುಕೊಂಡ ಹೊಟ್ಟೆ, ಮರಳಿನ ಬಣ್ಣದ ಮೈ. ಹೆಸರು ವೀರ ಎಂದರು.

ನಾಯಿಯನ್ನು ಒಪ್ಪಿಸಿ ಹೋಗುವವರು ಎರಡು ಪುಟದ ಒಂದು ಅರ್ಜಿ ತುಂಬಬೇಕಾಗುತ್ತದೆ. ಲಸಿಕೆಯ ವಿವರ, ಹಿಂದಿನ ಕಾಯಿಲೆಗಳು, ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಮಕ್ಕಳ ಜೊತೆ ಹೇಗಿದೆ, ಏಕೆ ಬಿಟ್ಟು ಹೋಗುತ್ತಿದ್ದೀರಿ ಎಂಬ ಪ್ರಶ್ನೆಗಳು ಅದರಲ್ಲಿವೆ. ಮನೆಯ ಯಜಮಾನರು ಬಹುತೇಕ ಜಾಗಗಳನ್ನು ಖಾಲಿ ಬಿಟ್ಟು, ಕಾರಣದ ಜಾಗದಲ್ಲಿ ‘ಎಂಟು ವರ್ಷದ ಮಗಳ ಮೇಲೆ ಎರಡು ಸಲ ಗುರ್ರೆಂದಿತು, ಒಮ್ಮೆ ಹಲ್ಲು ತಾಗಿಸಿತು’ ಎಂದು ಬರೆದರು. ಅವರ ಹೆಂಡತಿ ಕಣ್ಣೀರು ಒರೆಸಿಕೊಳ್ಳುತ್ತಲೇ ನನ್ನ ಕಡೆ ತಿರುಗಿ, ‘ಕಚ್ಚುತ್ತೆ ಅಂತ ದಪ್ಪಕ್ಷರದಲ್ಲಿ ಬರ್ಕೊಳ್ಳಿ ಮೇಡಂ, ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ ನಮ್ಮನ್ನ ದೂರಬೇಡಿ’ ಎಂದರು. ನಾನು ಹಾಗೆಯೇ ಬರೆದುಕೊಂಡೆ.

ಆ ಕುಟುಂಬದ ಬಗ್ಗೆ ನನಗೆ ಅಂದು ಸಿಟ್ಟು ಬಂದಿತ್ತು, ಈಗ ಅಷ್ಟಿಲ್ಲ. ಸಾಕಿದ ಪ್ರಾಣಿಯನ್ನು ಅನ್ನನೀರಿಲ್ಲದೆ ನರಳುವ ಸ್ಥಿತಿಯಲ್ಲಿ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವಾದರೂ, ಮೊದಲ ಸಲದ ತಪ್ಪಿಗೆ ಅದು ವಿಧಿಸುವ ದಂಡ ಇಂದಿಗೂ ಹತ್ತರಿಂದ ಐವತ್ತು ರೂಪಾಯಿ ಮಾತ್ರ. ರಾತ್ರೋರಾತ್ರಿ ಹೆದ್ದಾರಿಯ ಬದಿಯಲ್ಲಿ ಇಳಿಸಿ ಹೋಗುವವರನ್ನು ಕಂಡ ನಮಗೆ, ಅಳುತ್ತಲಾದರೂ ಗೇಟಿನವರೆಗೆ ಬಂದು ಸಹಿ ಹಾಕಿ ಹೋಗುವವರು ಎಷ್ಟೋ ಮೇಲು ಅನ್ನಿಸುತ್ತದೆ.

ವೀರನ ಹಿನ್ನೆಲೆ ನಮಗೆ ಹೊಸದಲ್ಲ. 2020ರ ಆಗಸ್ಟ್ ಕೊನೆಯಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ದೇಸಿ ತಳಿಗಳನ್ನು ಸಾಕಿ ಎಂದು ಹೇಳುತ್ತಾ ಮುಧೋಳ ನಾಯಿಯ ಹೆಸರನ್ನೂ ತೆಗೆದುಕೊಂಡ ಮೇಲೆ, ಬಾಗಲಕೋಟೆ ಜಿಲ್ಲೆಯ ಈ ಬೇಟೆ ನಾಯಿಯ ಮರಿಗಳನ್ನು ಬೆಂಗಳೂರಿನವರು ಹುಡುಕಿಕೊಂಡು ಹೋಗಿ ತಂದರು. ಲಾಕ್‌ಡೌನ್ ಕಾಲ, ಎಲ್ಲರೂ ಮನೆಯಲ್ಲೇ ಇದ್ದರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ತಿಮ್ಮಾಪುರದಲ್ಲಿ ತನಗಾಗಿಯೇ ಒಂದು ಸಂಶೋಧನಾ ಕೇಂದ್ರವನ್ನು ಪಡೆದಿರುವ ನಮ್ಮ ನಾಡಿನ ತಳಿಯನ್ನು ಜನ ಹೆಮ್ಮೆಯಿಂದ ಸಾಕಲು ಮುಂದಾದದ್ದು ಒಳ್ಳೆಯದೇ. ಆದರೆ ಹೊಲದ ಬಯಲಿನಲ್ಲಿ ಮೊಲದ ಹಿಂದೆ ಓಡುವುದಕ್ಕೆಂದೇ ತಲೆಮಾರುಗಳಿಂದ ಬೆಳೆದುಬಂದ ಮೈ ಅದು. ಮೂರನೆಯ ಮಹಡಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ದಿನಕ್ಕೆ ಎರಡು ಸಲ ಇಪ್ಪತ್ತು ನಿಮಿಷದ ನಡಿಗೆಯಲ್ಲಿ ವೀರ ಬೆಳೆದಿದ್ದ.

ಮೊದಲ ದಿನದ ನನ್ನ ಟಿಪ್ಪಣಿಯಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಬರುತ್ತದೆ: ಮೂತ್ರ ಮಾಡಿಲ್ಲ. ಬೆಳಗ್ಗೆ ಹತ್ತೂವರೆಗೆ ಪ್ರತ್ಯೇಕ ವಿಭಾಗದ ಗೂಡಿಗೆ ಬಿಟ್ಟದ್ದು. ಮಧ್ಯಾಹ್ನ ಇಲ್ಲ, ಸಂಜೆ ಇಲ್ಲ, ರಾತ್ರಿ ಪಾಳಿಯವರು ನೋಡಿದಾಗಲೂ ನೆಲ ಒಣಗಿಯೇ ಇತ್ತು. ಮನೆಯೊಳಗೆ ಗಲೀಜು ಮಾಡಬಾರದೆಂದು ಮರಿಯಿದ್ದಾಗಿನಿಂದ ಕಲಿತ ನಾಯಿಗೆ ಸಿಮೆಂಟು ನೆಲವಿದ್ದ, ಮೇಲೆ ಸೂರಿದ್ದ ಆ ಗೂಡೂ ಒಂದು ಮನೆಯೇ ಆಗಿತ್ತು. ಮರುದಿನ ಬೆಳಗ್ಗೆ ಎಂಟಕ್ಕೆ, ಗೂಡುಗಳನ್ನು ನೋಡಿಕೊಳ್ಳುವ, ನಾವೆಲ್ಲ ತಾತ ಎಂದು ಕರೆಯುವ ಹಿರಿಯರು ಅವನನ್ನು ಮಣ್ಣಿನ ಅಂಗಳಕ್ಕೆ ಕರೆದೊಯ್ದರು. ಅವನು ಒಂದು ನಿಮಿಷಕ್ಕೂ ಮಿಕ್ಕಿ ಕಾಲೆತ್ತಿ ನಿಂತಿದ್ದ. ಇಪ್ಪತ್ತೊಂದೂವರೆ ಗಂಟೆ ತಡೆದುಕೊಂಡಿದ್ದ ನಾಯಿಯ ಹೊಟ್ಟೆ ಎಷ್ಟು ನೋಯುತ್ತಿದ್ದಿರಬೇಕು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಮನೆಯಿಂದ ಬಂದ ನಾಯಿಗಳನ್ನು ಮೊದಲ ದಿನವೇ ನಾಲ್ಕು ಸಲ ಹೊರಗೆ ಕರೆದೊಯ್ಯಬೇಕು ಎಂಬ ನಿಯಮವನ್ನು ನಾವು ಮಾಡಿಕೊಂಡದ್ದು ಅದಾದ ಮೇಲೆ.

ಊಟವನ್ನು ಅವನು ಮೂಸಲೂ ಇಲ್ಲ. ಗೂಡಿನ ಹಿಂಬದಿಯ ಮೂಲೆಗೆ ಬೆನ್ನೊತ್ತಿ, ಬಾಲವನ್ನು ಹೊಟ್ಟೆಯಡಿ ಮುದುರಿಕೊಂಡು ಕೂತಿರುತ್ತಿದ್ದ. ಯಾರಾದರೂ ಹತ್ತಿರ ಬಂದರೆ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣನ್ನು ಮಾತ್ರ ನಮ್ಮ ಕಡೆಗೆ ಹೊರಳಿಸುತ್ತಿದ್ದುದರಿಂದ ಕಣ್ಣಿನ ಬಿಳಿಯ ಭಾಗ ಎದ್ದು ಕಾಣುತ್ತಿತ್ತು. ನಿದ್ದೆಯಿಲ್ಲದೆಯೂ ಆಕಳಿಸುತ್ತಿದ್ದ, ತಿಂಡಿಯಿಲ್ಲದೆಯೂ ತುಟಿ ಸವರಿಕೊಳ್ಳುತ್ತಿದ್ದ. ಇವೆಲ್ಲ ಭಯದ ಗುರುತುಗಳೆಂದು ಗೊತ್ತಿತ್ತು. ಆಶ್ರಯಧಾಮಕ್ಕೆ ಬಂದ ನಾಯಿಗಳ ರಕ್ತದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಮೊದಲ ಮೂರು ದಿನ ಬಹಳ ಏರಿರುತ್ತದೆ. ಎಪ್ಪತ್ತು ಎಂಬತ್ತು ನಾಯಿಗಳು ಒಟ್ಟಿಗೆ ಬೊಗಳಿದಾಗ ಸಿಮೆಂಟಿನ ಗೋಡೆಗಳ ನಡುವೆ ಸದ್ದು ನೂರು ಡೆಸಿಬೆಲ್ ಮೀರುವುದೂ ಉಂಟು, ನಮಗಿಂತ ಎಷ್ಟೋ ಪಾಲು ಚುರುಕಾದ ಕಿವಿಯಿರುವ ಪ್ರಾಣಿ ಅದನ್ನು ಹೇಗೆ ಸಹಿಸಿಕೊಳ್ಳುತ್ತದೋ. ಹಾಗಾಗಿ ಊಟ ಬಿಟ್ಟದ್ದಕ್ಕೆ ನಾವೆಲ್ಲ ಕೊಟ್ಟುಕೊಂಡ ಕಾರಣ ಒಂದೇ: ಮನೆಯವರ ಹಂಬಲ. ತಾತ ಮಾತ್ರ ಮೂರನೆಯ ದಿನ, ‘ಹಂಬಲ ಒಂದೇ ಅಲ್ಲ ಕಣಮ್ಮ, ಇದಕ್ಕೆ ಮೈಯಾಗೆ ಎಲ್ಲೋ ನೋವೈತೆ’ ಎಂದರು. ನಾನು ಅದನ್ನು ಬರೆದುಕೊಳ್ಳಲಿಲ್ಲ.

ನಾಲ್ಕನೆಯ ದಿನ ನಾನು ಮಾಡಿದ ತಪ್ಪನ್ನು ಇಲ್ಲಿ ಬಿಡಿಸಿ ಹೇಳಬೇಕು. ಅಂದು ಅವನು ನನ್ನ ಕೈಯಿಂದ ಒಂದು ತುಂಡು ಬೇಯಿಸಿದ ಕೋಳಿ ತಿಂದ. ಆ ಖುಷಿಯಲ್ಲಿ ನಾನು ಅವನ ತಲೆಯ ಮೇಲಿಂದ ಕೈ ಚಾಚಿ ಎಡಗಿವಿಯ ಬುಡವನ್ನು ಸವರಿದೆ. ಅವನು ಗುರ್ರೆನ್ನಲಿಲ್ಲ, ನೇರವಾಗಿ ಗಾಳಿಯಲ್ಲಿ ಹಲ್ಲು ಕಟ್ಟೆಂದು ಕಚ್ಚಿದ; ನನ್ನ ಮುಂಗೈಗೆ ಉಸಿರು ತಾಗಿತು, ಹಲ್ಲು ತಾಗಲಿಲ್ಲ. ಮನಸ್ಸು ಮಾಡಿದ್ದರೆ ಕಚ್ಚಬಹುದಾಗಿತ್ತು, ಕಚ್ಚದೆ ಬಿಟ್ಟ. ಅಷ್ಟು ವರ್ಷಗಳ ಅನುಭವವಿದ್ದೂ ನಾನು ಆ ಹೊತ್ತಿನಲ್ಲಿ ಅದನ್ನು ಹಾಗೆ ಓದಲಿಲ್ಲ. ಅರ್ಜಿಯಲ್ಲಿ ದಪ್ಪಕ್ಷರದಲ್ಲಿದ್ದ ಮಾತು ನಿಜವಾಯಿತೆಂದುಕೊಂಡು, ದಾಖಲೆಯಲ್ಲಿ ‘ಕಚ್ಚುವ ಸ್ವಭಾವ’ ಎಂದು ಬರೆದು, ಗೂಡಿನ ಬಾಗಿಲಿಗೆ ಕೆಂಪು ಚೀಟಿ ತೂಗುಹಾಕಿದೆ.

ಕೆಂಪು ಚೀಟಿ ಕೆಲಸದವರ ಸುರಕ್ಷತೆಗೆಂದು ಇರುವುದು, ಅದು ಬೇಕು ಕೂಡ. ಆದರೆ ಅದು ತೂಗಿದ ಮೇಲೆ ಆ ನಾಯಿಯ ಮೈಯನ್ನು ಯಾರೂ ಮುಟ್ಟುವುದಿಲ್ಲ. ಬಂದ ದಿನವೇ ಆಗಬೇಕಿದ್ದ ಪೂರ್ತಿ ತಪಾಸಣೆಯನ್ನು, ಕಚ್ಚುತ್ತದೆ ಎಂದು ಬರೆದಿದ್ದರಿಂದ, ಡಾಕ್ಟರ್ ಮೇಡಂ ದೂರದಿಂದಲೇ ನೋಡಿ ಮುಗಿಸಿ, ಸ್ವಲ್ಪ ಹೊಂದಿಕೊಂಡ ಮೇಲೆ ಮಾಡೋಣ ಎಂದು ಮುಂದೂಡಿದ್ದರು. ಚೀಟಿ ಬಿದ್ದ ಮೇಲೆ ಅದು ಇನ್ನೂ ಎರಡು ದಿನ ಮುಂದಕ್ಕೆ ಹೋಯಿತು. ಮುಧೋಳ ತಳಿಗೆ ಪಕ್ಕೆಲುಬು ಸ್ವಲ್ಪ ಕಾಣುವುದು ಸಹಜವಾದ್ದರಿಂದ ಅವನು ಸೊರಗಿದ್ದೂ ಕಣ್ಣಿಗೆ ಬೀಳಲಿಲ್ಲ.

ಆರನೆಯ ದಿನ ಬೆಳಗ್ಗೆ ಗೂಡಿನ ನೆಲದ ಮೇಲೆ ಮೂರು ಹನಿ ರಕ್ತ ಬಿದ್ದಿತ್ತು. ಮೊದಲು ಕಾಲಿಗೆ ಗಾಯವಾಗಿದೆಯೆಂದುಕೊಂಡೆವು; ಅವನು ತಲೆ ಎತ್ತಿದಾಗ ಬಲ ಹೊಳ್ಳೆಯಿಂದ ತೆಳ್ಳಗಿನ ಗೆರೆಯಾಗಿ ಇಳಿಯುತ್ತಿದ್ದದ್ದು ಕಂಡಿತು. ಡಾಕ್ಟರ್ ಮೇಡಂ ಕೂಡಲೇ ಬಂದರು. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂತಹ ಓಟದ ತಳಿಗಳಿಗೆ ಮತ್ತು ಬರಿಸುವ ಔಷಧಿ ಕೊಡುವಾಗ ಹೆಚ್ಚು ಎಚ್ಚರ ಬೇಕಾದ್ದರಿಂದ, ಸೂಜಿ ಹಾಕದೆ ಮೆತ್ತನೆಯ ಬಾಯಿಕುಕ್ಕೆ ಹಾಕಿ, ತಾತ ಅವನ ಎದೆಯನ್ನು ತೋಳಿನಲ್ಲಿ ಬಳಸಿ ಹಿಡಿದುಕೊಂಡ ಮೇಲೆ ತಪಾಸಣೆ ಶುರುವಾಯಿತು. ಜ್ವರ 104 ಡಿಗ್ರಿ ಫ್ಯಾರನ್‌ಹೀಟ್. ನಾಯಿಗೆ 101ರಿಂದ 102.5 ಸಹಜ. ಒಸಡು ಗುಲಾಬಿ ಬಣ್ಣ ಬಿಟ್ಟು ಬಿಳಿಚಿಕೊಂಡಿತ್ತು. ತೊಡೆಯ ಸಂದಿನ ಕೂದಲಿಲ್ಲದ ಚರ್ಮದ ಮೇಲೆ, ಸೂಜಿ ಮೊನೆಯಿಂದ ಚುಚ್ಚಿಟ್ಟಂತೆ, ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ಕಾಲ್ಬೆರಳುಗಳ ನಡುವೆ, ಕುತ್ತಿಗೆಯ ಬೆಲ್ಟಿನ ಕೆಳಗೆ, ಎಡಗಿವಿಯ ಒಳ ಮಡಿಕೆಯಲ್ಲಿ ಉಣ್ಣಿಗಳು. ಕಿವಿಯೊಳಗಿನದು ರಕ್ತ ಕುಡಿದು ಅವರೆಕಾಳಿನಷ್ಟು ಉಬ್ಬಿತ್ತು. ಚಿಮಟದಿಂದ ಚರ್ಮದ ಮಟ್ಟಕ್ಕೆ ಹಿಡಿದು ನೇರವಾಗಿ ಎಳೆದು, ಒಂದೊಂದನ್ನೇ ಸ್ಪಿರಿಟ್ ಇದ್ದ ಡಬ್ಬಿಗೆ ಹಾಕಿದೆವು, ನಲವತ್ತೊಂದು ಸಿಕ್ಕವು. ಕಿವಿಯ ಹಾಲೆಯನ್ನು ಎತ್ತಿದಾಗ ಹುಳಿ ವಾಸನೆ ಬಂತು. ಒಳಗೆಲ್ಲ ಕಂದು ಬಣ್ಣದ ಜಿಡ್ಡು, ನಾಳದ ಗೋಡೆ ದಪ್ಪವಾಗಿ ಊದಿಕೊಂಡಿತ್ತು. ಇಷ್ಟು ದಪ್ಪವಾಗಬೇಕಾದರೆ ಸೋಂಕು ಹತ್ತಿ ಕೆಲವು ತಿಂಗಳಾದರೂ ಆಗಿರಬೇಕು ಎಂದರು ಮೇಡಂ.

ಕೆಲವು ತಿಂಗಳು ಎಂಬ ಮಾತು ಕೇಳಿದಾಗ ನಾನು ಅರ್ಜಿಯನ್ನು ತೆಗೆದು ಮತ್ತೆ ಓದಿದೆ. ಮಗಳ ಮೇಲೆ ಗುರ್ರೆಂದದ್ದು ಎರಡು ತಿಂಗಳ ಹಿಂದಿನಿಂದ ಎಂದಿತ್ತು. ಆ ಸಂಜೆಯೇ ಮನೆಯವರಿಗೆ ಫೋನ್ ಮಾಡಿ ಕೇಳಿದೆ. ಮಗಳು ಅವನ ಕುತ್ತಿಗೆ ತಬ್ಬಿಕೊಂಡು ತಲೆಯ ಮೇಲೆ ತಲೆಯಿಟ್ಟು ಟಿವಿ ನೋಡುತ್ತಿದ್ದಳಂತೆ, ಮೂರು ವರ್ಷವೂ ಹಾಗೆಯೇ ನೋಡಿದ್ದಳಂತೆ. ‘ಕಿವಿ ಕೆರ್ಕೋತಿದ್ದ, ತಲೆ ಒದರ್ತಿದ್ದ, ಮಳೆಗಾಲಕ್ಕೆ ಅಂತ ಅಂದ್ಕೊಂಡ್ವಿ’ ಎಂದು ಹೇಳಿ ಮಗುವಿನ ತಾಯಿ ಬಹಳ ಹೊತ್ತು ಸುಮ್ಮನಾದರು.

ರಕ್ತದ ವರದಿ ಮರುದಿನ ಬಂತು. ನಾಯಿಗಳಲ್ಲಿ ಸಾಮಾನ್ಯವಾಗಿ ಎರಡರಿಂದ ಐದು ಲಕ್ಷದವರೆಗೆ ಇರಬೇಕಾದ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ಮೂವತ್ತೆಂಟು ಸಾವಿರಕ್ಕೆ ಇಳಿದಿತ್ತು. ಗ್ರೇಹೌಂಡಿನಂತಹ ತಳಿಗಳಿಗೆ ಪ್ಲೇಟ್‌ಲೆಟ್ ಸಹಜವಾಗಿಯೇ ಸ್ವಲ್ಪ ಕಡಿಮೆಯಿರುತ್ತದೆ, ಆದರೆ ಇದು ಆ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಮೇಡಂ ವಿವರಿಸಿದರು. ಹನ್ನೆರಡಕ್ಕಿಂತ ಮೇಲಿರಬೇಕಾದ ಹಿಮೋಗ್ಲೋಬಿನ್ 8.2. ಕಿಟ್ ಪರೀಕ್ಷೆಯಲ್ಲಿ ಎರ್ಲಿಕಿಯಾ ಪಾಸಿಟಿವ್. ನಮ್ಮಲ್ಲಿ ಎಲ್ಲರೂ ಟಿಕ್ ಫೀವರ್ ಎನ್ನುವುದು ಇದಕ್ಕೇ. ಕಂದು ಬಣ್ಣದ ನಾಯಿ ಉಣ್ಣಿ ಕಚ್ಚಿದಾಗ ಎರ್ಲಿಕಿಯಾ ಕ್ಯಾನಿಸ್ ಎಂಬ ಸೂಕ್ಷ್ಮಜೀವಿ ರಕ್ತಕ್ಕೆ ಸೇರಿ ಬಿಳಿ ರಕ್ತಕಣಗಳೊಳಗೆ ಬೆಳೆಯುತ್ತದೆ, ಪ್ಲೇಟ್‌ಲೆಟ್‌ಗಳು ನಾಶವಾಗುತ್ತವೆ, ಮೂಗಿನಿಂದ ರಕ್ತ ಬರುತ್ತದೆ. ಸೋಂಕು ತಗುಲಿ ಜ್ವರ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯುವುದರಿಂದ, ಇದು ನಮ್ಮ ಗೂಡಿನಲ್ಲಿ ಹತ್ತಿದ ಕಾಯಿಲೆಯಲ್ಲ, ಬರುವಾಗಲೇ ಹೊತ್ತು ತಂದದ್ದು. ಊಟ ಬಿಟ್ಟದ್ದಕ್ಕೆ, ಮೂಲೆ ಹಿಡಿದದ್ದಕ್ಕೆ, ಎದ್ದು ಬರಲಾರದ್ದಕ್ಕೆ ನಾವು ಹಂಬಲವೊಂದನ್ನೇ ಕಾರಣ ಮಾಡಿದ್ದೆವು. ಹಂಬಲವೂ ಇದ್ದೇ ಇತ್ತು. ಅದರ ನೆರಳಿನಲ್ಲಿ ಜ್ವರ ಕೂತಿತ್ತು.

ಕೆಂಪು ಚೀಟಿಯನ್ನು ನಾನೇ ತೆಗೆದೆ. ಅದರ ಜಾಗದಲ್ಲಿ ‘ಎಡಗಿವಿ ನೋಯುತ್ತಿದೆ, ತಲೆಯ ಮೇಲಿಂದ ಕೈ ತರಬೇಡಿ, ಎದೆಯ ಬಳಿಯಿಂದ ಮುಟ್ಟಿ’ ಎಂದು ಬರೆದ ಬಿಳಿ ಹಾಳೆ ಹಾಕಿದೆ. ಕೆಲಸದವರ ಸುರಕ್ಷತೆಗೆ ಅದು ಕೆಂಪು ಚೀಟಿಗಿಂತ ಹೆಚ್ಚು ಉಪಯೋಗಕ್ಕೆ ಬಂತು, ಏಕೆಂದರೆ ಹೇಗೆ ಮುಟ್ಟಬೇಕೆಂದು ಅದರಲ್ಲಿತ್ತು.

ಚಿಕಿತ್ಸೆಯೆಂದರೆ ಡಾಕ್ಸಿಸೈಕ್ಲಿನ್ ಮಾತ್ರೆ, ಕಿಲೋಗೆ ಹತ್ತು ಮಿಲಿಗ್ರಾಂ ಲೆಕ್ಕದಲ್ಲಿ ಇಪ್ಪತ್ತೆಂಟು ದಿನ. ವೀರ ಆಗ ತೂಗುತ್ತಿದ್ದದ್ದು 19.4 ಕಿಲೋ. ಈ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುತ್ತದೆ, ಗಂಟಲಿನಲ್ಲಿ ಅಂಟಿಕೊಂಡರೆ ಅನ್ನನಾಳ ಸುಡುತ್ತದೆ. ಆದ್ದರಿಂದ ಊಟದ ನಡುವೆ ಕೊಟ್ಟು, ಮೇಲೆ ನೀರು ಕುಡಿಸಬೇಕು. ತಾತ ಮೊದಲ ದಿನ ಪ್ರೀತಿಯಿಂದ ಮೊಸರನ್ನದಲ್ಲಿ ಕಲಸಿ ತಂದಿದ್ದರು. ಹಾಲು ಮೊಸರಿನ ಸುಣ್ಣದಂಶ ಔಷಧಿ ಮೈಗೆ ಹತ್ತದಂತೆ ತಡೆಯಬಹುದೆಂದು ಮೇಡಂ ಬೇಡವೆಂದ ಮೇಲೆ, ಕೋಳಿ ಬೇಯಿಸಿದ ನೀರಿನಲ್ಲಿ ನುರಿದ ಅನ್ನದ ಉಂಡೆಯೊಳಗೆ ಅಡಗಿಸಿ ಕೊಟ್ಟೆವು. ಜ್ವರ ಮೂರನೆಯ ದಿನಕ್ಕೆ ಇಳಿಯಿತು. ಒಂದು ವಾರಕ್ಕೆ ಪ್ಲೇಟ್‌ಲೆಟ್ ತೊಂಬತ್ತಾರು ಸಾವಿರ, ಔಷಧಿ ಮುಗಿಯುವ ಹೊತ್ತಿಗೆ ಎರಡು ಲಕ್ಷ ದಾಟಿತು. ಅಲ್ಲಿಯವರೆಗೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತನ್ನೇ ಎತ್ತುವಂತಿರಲಿಲ್ಲ, ಕತ್ತಿ ತಾಗಿದರೆ ರಕ್ತ ನಿಲ್ಲದೆ ಹೋಗಬಹುದಿತ್ತು.

ಗೂಡನ್ನೂ ಬದಲಾಯಿಸಿದೆವು. ಸಾಲಿನ ಕೊನೆಯ, ಓಡಾಟ ಕಡಿಮೆಯಿರುವ ಗೂಡು ಕೊಟ್ಟು, ಬಾಗಿಲಿನ ಕೆಳ ಅರ್ಧಕ್ಕೆ ಗೋಣಿಚೀಲ ಕಟ್ಟಿ ಎದುರಿನ ನಾಯಿ ಕಾಣದಂತೆ ಮಾಡಿದೆವು. ಮೈಯಲ್ಲಿ ಮಾಂಸವಿಲ್ಲದ ನಾಯಿ ಸಿಮೆಂಟಿನ ಮೇಲೆ ಮಲಗಿ ಮೊಣಕೈ ಚರ್ಮ ಒರಟಾಗಿ ಸೀಳತೊಡಗಿದ್ದರಿಂದ ನವಾರಿನ ಮಂಚ ಹಾಕಿ, ಅದರ ಮೇಲೆ ಮನೆಯವರು ಕಾರಿನಲ್ಲಿ ತಂದಿದ್ದ ಹಳೆಯ ಹೊದಿಕೆಯನ್ನು ಹಾಸಿದೆವು. ತೊಳೆಯದೆಯೇ ಹಾಸಿದೆವು, ಮನೆಯ ವಾಸನೆ ಅದರಲ್ಲಿತ್ತು. ಮಧ್ಯಾಹ್ನದ ಊಟವಾದ ಮೇಲೆ ತಾತ ಅರ್ಧ ಗಂಟೆ ಅಲ್ಲೇ, ಅವನಿಗೆ ಪಕ್ಕ ಕೊಟ್ಟು, ಅವನ ಕಡೆ ನೋಡದೆ ಕೂತಿರುತ್ತಿದ್ದರು. ಹನ್ನೊಂದನೆಯ ದಿನ ಅವನು ಎದ್ದು ಬಂದು ಅವರ ಮಂಡಿಯ ಮೇಲೆ ಗಲ್ಲವಿಟ್ಟ.

ಕಿವಿಯ ಕೆಲಸ ಎಲ್ಲಕ್ಕಿಂತ ನಿಧಾನವಾಯಿತು. ದಿನಕ್ಕೆ ಎರಡು ಸಲ ಹನಿ ಬಿಡಬೇಕು, ಅದನ್ನು ಒತ್ತಿ ಹಿಡಿದು ಮಾಡಿದರೆ ಅವನಿಗೆ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಮೊದಲು ‘ಕಿವಿ’ ಎಂದು ಹೇಳಿ, ಕಿವಿಯಿಂದ ಒಂದು ಅಡಿ ದೂರದಲ್ಲಿ ಕೈ ತೋರಿಸಿ, ಕೋಳಿ ತುಂಡು ಕೊಡುವುದು; ಆಮೇಲೆ ಅರ್ಧ ಅಡಿ; ಆಮೇಲೆ ಬೆರಳು ತಾಗಿಸುವುದು; ಹನಿಯ ಬಾಟಲಿಯನ್ನು ಬರಿದೇ ತೋರಿಸುವುದು. ಅವನು ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ ಕಾಯುವುದು. ಮೊದಲ ವಾರ ಹನಿಯನ್ನು ಬಾಯಿಕುಕ್ಕೆ ಹಾಕಿಯೇ ಬಿಟ್ಟೆವು, ಬೇರೆ ದಾರಿಯಿರಲಿಲ್ಲ. ಮೂರನೆಯ ವಾರ ಕುಕ್ಕೆ ಬೇಕಾಗಲಿಲ್ಲ.

ಮೈ ಸುಧಾರಿಸಿದ ಮೇಲೆ ಅವನ ನಿಜವಾದ ಸ್ವಭಾವ ಹೊರಗೆ ಬಂತು, ಅದರ ಜೊತೆಗೆ ಹೊಸ ತೊಡಕುಗಳೂ ಬಂದವು. ಬೆಕ್ಕು, ಅಳಿಲು ಕಂಡರೆ ಮೈಯೆಲ್ಲ ಬಿಗಿದು ಬಾಣದಂತಾಗುತ್ತಿದ್ದ. ಆಗ ಹೆಸರು ಕೂಗಿದರೂ ಕಿವಿಗೆ ಬೀಳುತ್ತಿರಲಿಲ್ಲ. ಐದನೆಯ ವಾರ, ನಡಿಗೆಯ ಹೊತ್ತಿನಲ್ಲಿ ಲಾರಿಯೊಂದು ಪಕ್ಕದಲ್ಲೇ ಹಾರ್ನ್ ಮಾಡಿದಾಗ ಅವನು ಹಿಂದಕ್ಕೆ ಜಗ್ಗಿದ, ಬೆಲ್ಟು ತಲೆಯ ಮೇಲಿಂದ ಜಾರಿ ನನ್ನ ಕೈಯಲ್ಲಿ ಉಳಿಯಿತು. ಮುಧೋಳದ ತಲೆ ಕುತ್ತಿಗೆಯಷ್ಟೇ ಸಪುರ. ಮಾಮೂಲಿ ಬೆಲ್ಟು ಅದಕ್ಕೆ ಆಗುವುದಿಲ್ಲ, ಎಳೆದಾಗ ತಾನಾಗಿ ಬಿಗಿಯುವ ಅಗಲ ಪಟ್ಟಿಯದೇ ಬೇಕು. ಕ್ಷಣಾರ್ಧದಲ್ಲಿ ರಾಗಿ ಹೊಲದ ಆಚೆ ಬದುವಿನಲ್ಲಿ ಅವನು ಚುಕ್ಕೆಯಾಗಿದ್ದ. ಹಿಂದೆ ಓಡಲು ಹೊರಟ ಹುಡುಗರನ್ನು ತಾತ ತಡೆದರು. ಆಶ್ರಯಧಾಮದ ವ್ಯಾನನ್ನು ತರಿಸಿ, ಹೊಲದಂಚಿನಲ್ಲಿ ನಿಲ್ಲಿಸಿ, ಹಿಂಬಾಗಿಲು ತೆಗೆದು, ಎಲ್ಲರೂ ದೂರ ಸರಿದು ಕೂತೆವು. ಇಪ್ಪತ್ತು ನಿಮಿಷದ ಮೇಲೆ ಅವನು ಸುತ್ತಿ ಸುತ್ತಿ ಬಂದು ವ್ಯಾನಿನೊಳಗೆ ಹಾರಿ, ಎಲ್ಲಿಗೋ ಹೊರಡುವವನಂತೆ ನೆಟ್ಟಗೆ ಕೂತ. ಬಾಗಿಲು ಹಾಕುವಾಗ ತಾತನ ಕಣ್ಣು ತುಂಬಿತ್ತು, ನನ್ನದೂ.

ಗೂಡಿನಲ್ಲಿ ನೋಡಿದ ನಡವಳಿಕೆಯಿಂದ ಮನೆಯ ನಡವಳಿಕೆಯನ್ನು ಊಹಿಸಲಾಗದು. ಅದಕ್ಕೇ ಎಂಟನೆಯ ವಾರ ಅವನನ್ನು ನಮ್ಮ ಮನೆಗೆ ಕರೆತಂದೆ. ಊಟದ ತಟ್ಟೆಯ ಹತ್ತಿರ ಹೋದರೆ ಗೂಡಿನಲ್ಲಿ ಬಿಗಿಯಾಗುತ್ತಿದ್ದವನು ಮನೆಯಲ್ಲಿ ಬಾಲವಾಡಿಸಿದ. ಗೂಡಿನಲ್ಲಿ ಕಾಣದ ಒಂದು ಸಂಕಟ ಮಾತ್ರ ಮನೆಯಲ್ಲಿ ಕಂಡಿತು: ನಾನು ಬಾಗಿಲು ಹಾಕಿಕೊಂಡು ಹೋದ ಎರಡೇ ನಿಮಿಷಕ್ಕೆ ಜೊಲ್ಲು ಸುರಿಸುತ್ತಾ ಬಾಗಿಲು ಕೆರೆಯುತ್ತಿದ್ದುದು ಫೋನಿನ ವಿಡಿಯೊದಲ್ಲಿ ಸಿಕ್ಕಿತು. ಒಮ್ಮೆ ಬಿಟ್ಟುಹೋದವರನ್ನು ಕಂಡ ನಾಯಿ. ಹತ್ತು ಸೆಕೆಂಡು ಹೊರಗೆ ಹೋಗಿ ಬರುವುದು, ಇಪ್ಪತ್ತು ಸೆಕೆಂಡು, ಒಂದು ನಿಮಿಷ ಎಂದು ದಿನಕ್ಕೆ ಹದಿನೈದು ಸಲ ಬಾಗಿಲು ತೆಗೆದು ಹಾಕಿದೆ. ಐದು ವಾರಕ್ಕೆ ನಲವತ್ತು ನಿಮಿಷದವರೆಗೆ ಬಂದೆವು. ಅದರಾಚೆಗೆ ಹೋಗಲಿಲ್ಲ. ಹಾಗಾಗಿ ದತ್ತು ಕೇಳಿ ಬಂದ ಮೂರು ಮನೆಗಳಲ್ಲಿ, ಇಬ್ಬರೂ ಕೆಲಸಕ್ಕೆ ಹೋಗುವ ಎರಡನ್ನು ಬೇಡವೆಂದೆವು. ಮೊದಲಿನ ಕುಟುಂಬವೂ ಮತ್ತೆ ಕರೆದೊಯ್ಯುವ ಮಾತಾಡಿತು. ಬಹಳ ಯೋಚಿಸಿ, ಮಗುವಿನ ಅಜ್ಜಿಗೆ ಇನ್ನೂ ಹೆದರಿಕೆ ಇದೆ ಎಂದು ಅವರೇ ಹಿಂದೆ ಸರಿದರು. ಆದರೆ ಔಷಧಿಯ ಖರ್ಚನ್ನು ಕೇಳದೆಯೇ ಕಳುಹಿಸಿದರು.

ಅಕ್ಟೋಬರ್ ಮೂರನೆಯ ವಾರ, ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಮುಗಿಸಿದ ವೀರ, ತುಮಕೂರಿನ ಹತ್ತಿರದ ತೋಟದ ಮನೆಯೊಂದರ ನಿವೃತ್ತ ದಂಪತಿಯ ಜೊತೆ ಹೊರಟ. ಆರೂವರೆ ಅಡಿಯ ಕಾಂಪೌಂಡು ಇದೆ, ಓಡಲು ಅಡಿಕೆ ಸಾಲುಗಳಿವೆ, ಮನೆಯಲ್ಲಿ ಯಾರಾದರೊಬ್ಬರು ಸದಾ ಇರುತ್ತಾರೆ. ಉಣ್ಣಿಯ ಮಾತ್ರೆಯ ತಾರೀಖುಗಳನ್ನು ಅವರ ಕ್ಯಾಲೆಂಡರಿನಲ್ಲಿ ನಾನೇ ಗುರುತು ಹಾಕಿಕೊಟ್ಟೆ. ಎಡಗಿವಿ ಪೂರ್ತಿ ಮೊದಲಿನಂತಾಗಿಲ್ಲ, ಹದಿನೈದು ದಿನಕ್ಕೊಮ್ಮೆ ಒರೆಸಬೇಕು. ಕಳೆದ ವಾರ ಅವರು ಒಂದು ವಿಡಿಯೊ ಕಳುಹಿಸಿದ್ದರು. ಜಗಲಿಯ ಮೇಲೆ ಕೂತ ಅಮ್ಮ ಹತ್ತಿ ಕೈಯಲ್ಲಿ ಹಿಡಿದು ‘ವೀರಾ, ಕಿವಿ’ ಎನ್ನುತ್ತಾರೆ. ಅವನು ಸ್ವಲ್ಪ ಹೊತ್ತು ತೋಟದ ಕಡೆ ನೋಡುತ್ತಾ ನಿಂತು, ಆಮೇಲೆ ತಾನಾಗಿಯೇ ಬಂದು ಎಡಗಿವಿಯ ಕಡೆಯ ಕೆನ್ನೆಯನ್ನು ಅವರ ಅಂಗೈಗೆ ಇಡುತ್ತಾನೆ.